ಕಪ್ಪು ಟೇಪಿನ ಕೆಳಗೆ

"ಒಂದು, ಎರಡು, ಎತ್ತು!"

ರಿಪೇರಿಯಣ್ಣ ಎತ್ತಿದ. ಎತ್ತಿದ ಮೇಲೆ ಗೋಡೆ ಹಿಡಿದು ನಿಂತ. ಹಾಸಿಗೆಯ ಆ ಬದಿಯಲ್ಲಿ ಹೆಂಡತಿ, ಈ ಬದಿಯಲ್ಲಿ ಅವನು, ನಡುವೆ ಚಾದರದ ಮೇಲೆ ಅವನ ಅಕ್ಕ. ಚಾದರದ ಎರಡೂ ಅಂಚು ಹಿಡಿದು ಅಕ್ಕನನ್ನು ಮಗ್ಗುಲು ಬದಲಾಯಿಸಿ, ಬೆನ್ನಿಗೆ ದಿಂಬು ಒತ್ತಿಡಬೇಕು. ಎರಡು ಗಂಟೆಗೊಮ್ಮೆ ಹೀಗೆ ಮಾಡದಿದ್ದರೆ ಬೆನ್ನು ಹುಣ್ಣಾಗುತ್ತದೆ.

"ಏದುಸಿರು ಬರ್ತಿದೆಯಲ್ಲ ನಿಮಗೆ?" ಎಂದಳು ಹೆಂಡತಿ.

"ಅರವತ್ತೇಳಕ್ಕೆ ಇನ್ನೇನು ಕುಣಿದಾಡ್ಲಾ? ಸುಮ್ನಿರೇ."

ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ಹಲ್ಲುಜ್ಜುತ್ತಿದ್ದಾಗ ಬ್ರಶ್ಶು ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಬಲಗೈ, ಬಲಗಾಲು ಬಿದ್ದುಹೋದವು. ಇಡೀ ಬೀದಿಯನ್ನು ಮಾತಿನಲ್ಲೇ ಗದರಿಸಿ ಇಡುತ್ತಿದ್ದವಳ ಬಾಯಿಂದ ಈಗ ಬರುವುದು ಬರೀ ಒಂದು ನರಳಿಕೆ. "ಟೆನ್ಷನ್ ಮಾಡ್ಕೊಂಡ್ಲು, ಬಿಪಿ ಏರ್ತು, ಲಕ್ವ ಹೊಡೀತು" ಎಂದು ರಿಪೇರಿಯಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಬೇರೆ ಯಾರಾದರೂ ಬೇರೆ ಕಾರಣ ಹೇಳುವ ಮೊದಲೇ ಹೇಳಿಬಿಡುತ್ತಿದ್ದ.

ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಏನೇ ಕೆಟ್ಟರೂ ಜನ ಅವನ ಮೇಜಿನ ಮೇಲೆ ತಂದಿಡುತ್ತಿದ್ದರು. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆ ಎನ್ನುವ ಕಿವಿ ಅವನದು.

ಆ ದಿನ ಆಸ್ಪತ್ರೆಯಿಂದ ದಾದಿ ಬಂದಳು. ತಿಂಗಳಿಗೊಮ್ಮೆ ಬರುವವಳು. ಅಕ್ಕನ ಬೆನ್ನು ನೋಡಿ, "ಚರ್ಮ ಚೆನ್ನಾಗಿಟ್ಟಿದ್ದೀರಿ" ಎಂದು ಮೆಚ್ಚಿದಳು. ಆಮೇಲೆ ಕೇಳಿದಳು: "ಮನೇಲಿ ಬಿಪಿ ಮಿಷನ್ ಇದ್ಯಾ? ನಾನು ಬರದ ದಿನಗಳಲ್ಲಿ ನೀವೇ ನೋಡಿ ಬರೆದಿಡಬಹುದು."

"ಇದೆ," ಎಂದಳು ಹೆಂಡತಿ.

"ಇದೆ, ಆದ್ರೆ ಅದು ಸುಳ್ಳುಬುರುಕ ಮಿಷನ್ ಸಿಸ್ಟರ್," ಎಂದ ರಿಪೇರಿಯಣ್ಣ. "ಮೂರು ಸಲ ಬಿಚ್ಚಿ ಜೋಡಿಸಿದ್ದೀನಿ. ಟ್ಯೂಬು ಬದಲಾಯಿಸ್ದೆ, ವಾಲ್ವು ತೊಳೆದೆ. ಸರಿಹೋಗ್ಲಿಲ್ಲ."

"ನಿಮ್ಮ ಕೈಗೂ ಬಗ್ಗದ ಮಿಷನ್ನಾ? ನೋಡೇಬಿಡೋಣ, ತನ್ನಿ."

ಮಿಷನ್ ಬಂತು. ಅದರ ಪರದೆಯ ಮೂಲೆಯಲ್ಲಿ ಉಗುರಿನಷ್ಟು ಅಗಲದ ಕಪ್ಪು ಟೇಪು ಅಂಟಿಸಿತ್ತು, ಕರೆಂಟಿನ ತಂತಿಗೆ ಸುತ್ತುತ್ತಾರಲ್ಲ, ಅದೇ.

"ಇದೇನಿದು?"

"ಅಕ್ಕನ ಬಿಪಿ ನೋಡಿದಾಗೆಲ್ಲ ಅಲ್ಲೊಂದು ಹೃದಯದ ಗುರುತು ಸುಮ್ಸುಮ್ನೆ ಮಿಣುಕ್ತಿತ್ತು. ಅಕ್ಕ ನೋಡಿ ಗಾಬರಿ ಬೀಳ್ತಿದ್ಲು. ಅದಕ್ಕೆ ಮುಚ್ಚಿದೆ. ಮಿಕ್ಸಿಯಲ್ಲೂ ಲೈಟು ಸುಳ್ಳು ತೋರಿಸಿದ್ರೆ ಹಾಗೇ ಮಾಡೋದು."

ದಾದಿ ಉಗುರಿನಿಂದ ಮೆಲ್ಲಗೆ ಟೇಪು ಕಿತ್ತಳು.

"ಅಣ್ಣಾ, ನಿಮ್ಮ ಕೆಲಸದ್ದೇ ಒಂದು ಮಾತು ಕೇಳ್ತೀನಿ. ಫ್ಯಾನು ಕೆಟ್ಟಿದ್ಯೋ, ಸ್ವಿಚ್ಚು ಕೆಟ್ಟಿದ್ಯೋ ಗೊತ್ತಾಗದಿದ್ರೆ ಏನು ಮಾಡ್ತೀರಿ?"

"ಅದೇ ಸ್ವಿಚ್ಚಿಗೆ ಚೆನ್ನಾಗಿರೋ ಬೇರೆ ಫ್ಯಾನು ಹಾಕಿ ನೋಡ್ತೀನಿ. ಓಡಿದ್ರೆ ಸ್ವಿಚ್ಚು ಸರಿ ಇದೆ ಅಂತ."

"ಅಕ್ಕನ್ನ ಬಿಟ್ಟು ಬೇರೆಯವರಿಗೆ ಈ ಮಿಷನ್ ಹಾಕಿ ನೋಡಿದ್ರಾ?"

"ಇಲ್ಲ," ಎಂದ ರಿಪೇರಿಯಣ್ಣ.

ದಾದಿ ಮೊದಲು ತನ್ನ ತೋಳಿಗೆ ಪಟ್ಟಿ ಸುತ್ತಿಕೊಂಡಳು. ಅಂಕಿ ಬಂತು, ಗುರುತು ಬರಲಿಲ್ಲ. ಹೆಂಡತಿಯ ತೋಳಿಗೆ ಸುತ್ತಿದಳು. ಬರಲಿಲ್ಲ. "ಈಗ ನೀವು. ಅಲುಗಾಡ್ಬೇಡಿ, ಮಾತಾಡ್ಬೇಡಿ. ಆ ಗುರುತು ಬಡಿತದ ಲಯ ತಪ್ಪಿದ್ರೆ ಬರೋದು, ಅಲುಗಾಡಿದ್ರೂ ಒಮ್ಮೊಮ್ಮೆ ಬರುತ್ತೆ." ಐದು ನಿಮಿಷ ಸುಮ್ಮನೆ ಕೂರಿಸಿ, ನಡುವೆ ಬಿಡುವು ಕೊಟ್ಟು, ಮೂರು ಸಲ ನೋಡಿದಳು.

ಮೂರೂ ಸಲ ಗುರುತು ಮಿಣುಕಿತು.

ದಾದಿ ಅವನ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದಳು. ಆಮೇಲೆ ಅವನ ಬೆರಳನ್ನೇ ಅಲ್ಲಿ ಇಡಿಸಿದಳು. "ಮೋಟಾರು ಕೇಳೋ ಹಾಗೆ ಕೇಳಿ."

ಅವನು ಕೇಳಿದ. ಎರಡು ಬಡಿತ ಬೇಗ ಬೇಗ ಬಂದವು. ಆಮೇಲೆ ಒಂದು ತಡ. ಒಂದು ಬಂದಿತೋ ಇಲ್ಲವೋ ಎಂಬಷ್ಟು ಸಣ್ಣದು. ಮತ್ತೆ ಮೂರು ಒಂದರ ಮೇಲೊಂದು. ಯಾವ ಲೆಕ್ಕಕ್ಕೂ ಸಿಗದ ಓಟ. ಗಿರಾಕಿಯೊಬ್ಬ ಇಂಥ ಮೋಟಾರು ತಂದಿದ್ದರೆ, ಕೂಡಲೇ ಬಂದ್ ಮಾಡಿ ಎನ್ನುತ್ತಿದ್ದ.

"ಅಕ್ಕನ ಆಸ್ಪತ್ರೆ ಚೀಟೀಲೂ ಬಡಿತ ಲಯ ತಪ್ಪಿದೆ ಅಂತ ಬರೆದಿದೆ," ಎಂದಳು ದಾದಿ. "ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡೋ ಬದಲು ಬರೀ ನಡುಗುತ್ತೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದ್ರೆ ಲಕ್ವ."

"ಅದು ಲಕ್ವ ಹೊಡೆದ ಮೇಲೆ ಶುರುವಾಗಿದ್ದು!"

"ಮಿಷನ್ ಗುರುತು ತೋರಿಸೋಕೆ ಶುರು ಮಾಡಿದ್ದು ಯಾವಾಗ?"

ಉತ್ತರ ಕೊಟ್ಟಳು ಹೆಂಡತಿ, ತಗ್ಗಿದ ದನಿಯಲ್ಲಿ: "ಅವರು ಬೀಳೋದಕ್ಕೆ ನಾಲ್ಕು ತಿಂಗಳ ಮುಂಚೆ."

ರಿಪೇರಿಯಣ್ಣ ಸಿಡಿದೆದ್ದ. "ನನಗೇನೂ ಆಗಿಲ್ಲ! ಎದೆನೋವಿಲ್ಲ, ತಲೆಸುತ್ತಿಲ್ಲ. ಪಂಪು ಒಬ್ನೇ ಎತ್ತಿಡ್ತೀನಿ. ಆಸ್ಪತ್ರೆಗೆ ಹೋದ್ರೆ ರಕ್ತ ನೀರಾಗಿಸೋ ಮಾತ್ರೆ ಬರೀತಾರೆ. ದಿನಾ ತಂತಿ, ತಗಡು ಕುಯ್ಯೋ ಕೈ ನನ್ದು. ಒಂದು ಗೀರು ಬಿದ್ರೆ ಸುರಿದುಹೋಗ್ಲಾ? ನಾನು ಬರಲ್ಲ."

ಬಾಯಿ ಹೇಳಿದ್ದು ಇಷ್ಟು. ಹೊಟ್ಟೆಯೊಳಗೆ ಬೇರೆಯೇ ಇತ್ತು. ಮಿಷನ್ ಸುಳ್ಳು ಎನ್ನುವವರೆಗೆ ಅಕ್ಕನಿಗಾದದ್ದು ಯಾರ ತಪ್ಪೂ ಅಲ್ಲ. ಮಿಷನ್ ನಿಜ ಎಂದು ಒಪ್ಪಿದ ಗಳಿಗೆಯಲ್ಲಿ, ನಾಲ್ಕು ತಿಂಗಳು ಕೂಗಿ ಹೇಳಿದ್ದನ್ನು ಮುಚ್ಚಿದ ಕೈ ಯಾರದು? ಆ ಪ್ರಶ್ನೆಯ ಮುಂದೆ ನಿಲ್ಲುವುದಕ್ಕಿಂತ ತನಗೂ ಏನೂ ಆಗಿಲ್ಲ ಎನ್ನುವುದೇ ಅವನಿಗೆ ಸಲೀಸಾಗಿತ್ತು.

ದಾದಿ ಒತ್ತಾಯ ಮಾಡಲಿಲ್ಲ. ಮಾತಾಡಿದ್ದು ಹೆಂಡತಿ. ಅವಳು ಅಳಲಿಲ್ಲ, ಬೈಯಲಿಲ್ಲ.

"ಅತ್ತಿಗೇನ ಹೊರಳಿಸೋಕೆ ಇಬ್ರು ಬೇಕು. ನೀವೂ ಮಲಗಿಬಿಟ್ರೆ, ನಿಮ್ಮಿಬ್ರನ್ನೂ ನಾನೊಬ್ಳೇ ಹ್ಯಾಗ್ರೀ ಹೊರಳಿಸ್ಲಿ? ಅಷ್ಟು ಹೇಳಿ. ಆಮೇಲೆ ಬೇಕಾದ್ರೆ ಆಸ್ಪತ್ರೆಗೆ ಹೋಗ್ಬೇಡಿ."

ಒಳಗಿನಿಂದ ಅಕ್ಕ ನರಳಿದ್ದು ಕೇಳಿಸಿತು. ಅವನು ಒಳಗೆ ಹೋಗಿ ಅವಳ ದಿಂಬು ಸರಿಮಾಡಿದ. ಆಮೇಲೆ ಅಂಗಿ ಬದಲಾಯಿಸಿದ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಕಾಗದದ ಮೇಲೆ ಮೊನೆಗಳು ಒಂದು ಒತ್ತಾಗಿ, ಒಂದು ದೂರವಾಗಿ, ಅಡ್ಡಾದಿಡ್ಡಿ ನಿಂತಿದ್ದವು. ವೈದ್ಯೆ ಅದನ್ನು ಪಕ್ಕಕ್ಕಿಟ್ಟು ಬೇರೇನೋ ಕೇಳತೊಡಗಿದರು. ವಯಸ್ಸೆಷ್ಟು? ಬಿಪಿ ಇದೆಯೇ? ಮಾತ್ರೆ ದಿನಾ ನುಂಗುತ್ತೀರಾ?

"ತಲೆನೋವು ಬಂದ ದಿನ ನುಂಗ್ತೀನಿ."

"ಹಾಗಾದ್ರೆ ಬಿಪಿಗೆ ಕುಣಿಯೋಕೆ ಬಿಟ್ಟಿದ್ದೀರಿ. ಸಕ್ಕರೆ ಕಾಯಿಲೆ? ಹಿಂದೆ ಯಾವಾಗಾದ್ರೂ ಕೈ ಜೋಮು ಹಿಡಿದು, ಮಾತು ತೊದಲಿ ಸರಿಹೋಗಿತ್ತಾ? ಜೋರು ಗೊರಕೆ? ಕುಡಿತ?"

ಅವನು ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸಿದ. ಬಿಪಿ ಒಂದು ಬಿಟ್ಟು ಬೇರೇನೂ ಇರಲಿಲ್ಲ. "ಎದೆ ಹೊಡ್ಕೊಂಡದ್ದೂ ಗೊತ್ತಾಗಿಲ್ಲ ಡಾಕ್ಟ್ರೇ."

"ಎಷ್ಟೋ ಜನಕ್ಕೆ ಗೊತ್ತಾಗೋದೇ ಇಲ್ಲ. ಅಪಾಯದ ಲೆಕ್ಕ ಹಾಕೋದು ನಿಮಗೆ ಏನು ಅನ್ನಿಸುತ್ತೆ ಅನ್ನೋದ್ರಿಂದ ಅಲ್ಲ. ಇದೇ ಬಡಿತ ಬೇರೆ ಕಾಯಿಲೆ ಇಲ್ಲದ ಮೂವತ್ತರ ಹುಡುಗನಿಗೆ ಬಂದಿದ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ ಬೇಡ ಅಂತಿದ್ದೆನೇನೋ. ನಿಮಗೆ ಅರವತ್ತೈದು ದಾಟಿದೆ, ಬಿಪಿ ಇದೆ. ನಿಮಗೆ ಬೇಕು."

"ರಕ್ತ ಸುರಿದ್ರೆ?"

"ಭಯ ಸುಳ್ಳಲ್ಲ. ಗೀರು ಬಿದ್ರೆ ರಕ್ತ ನಿಲ್ಲೋದು ತಡ ಆಗುತ್ತೆ. ಬಿಗಿಯಾಗಿ ಒತ್ತಿ ಹಿಡೀರಿ, ಕೆಲಸ ಮಾಡುವಾಗ ಕೈಗವಸು ಹಾಕಿ. ತಲೆಗೆ ಪೆಟ್ಟು ಬಿದ್ರೆ, ಮಲ ಕಪ್ಪಾದ್ರೆ ಕೂಡಲೇ ಬನ್ನಿ. ಕೈಗಾದ ಗಾಯ ನಾನು ಹೊಲಿಯಬಲ್ಲೆ. ಮಿದುಳಲ್ಲಿ ಸತ್ತ ಭಾಗ ಹೊಲಿಯೋಕೆ ನನಗೆ ಬರಲ್ಲ."

ಗೆಳೆಯರ ಮಾತು ಕೇಳಿ ಆಸ್ಪಿರಿನ್ ನುಂಗಿದರೆ ಇದಕ್ಕೆ ಬದಲಿಯಾಗುವುದಿಲ್ಲ, ಈ ಮಾತ್ರೆಯನ್ನು ತಾನಾಗಿ ಒಂದು ದಿನವೂ ಬಿಡಬಾರದು ಎಂದೂ ಹೇಳಿ ಕಳಿಸಿದರು.

ಮನೆಗೆ ಬಂದ ರಿಪೇರಿಯಣ್ಣ ಅಕ್ಕನ ಮಂಚದ ಅಂಚಿನಲ್ಲಿ ಕುಳಿತ. "ಅಕ್ಕಾ," ಎಂದ. "ಮಿಷನ್ ಕೆಟ್ಟಿರ್ಲಿಲ್ಲ ಕಣೇ. ನಾನೇ ಮುಚ್ಚಿದ್ದು."

ಅಕ್ಕ ಅವನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತೋ, ಅರ್ಥವಾಗಿ ಕ್ಷಮಿಸಿದಳೋ, ಅವನಿಗೆ ಈವರೆಗೆ ತಿಳಿದಿಲ್ಲ. ಬಹುಶಃ ಎಂದೂ ತಿಳಿಯುವುದಿಲ್ಲ. ಅವನು ದಿನವೂ ಮಾತ್ರೆ ನುಂಗುತ್ತಾನೆ, ಬಿಪಿಯದ್ದನ್ನೂ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮಲ್ಲಿ ಅರವತ್ತೈದು ದಾಟಿದವರು, ಬಿಪಿಯೋ ಸಕ್ಕರೆ ಕಾಯಿಲೆಯೋ ಇರುವವರು, ಮನೆಯಲ್ಲಿ ಒಬ್ಬರಿಗೆ ಲಕ್ವ ಹೊಡೆದಿರುವವರು ಇದ್ದೀರಿ. ಚೆನ್ನಾಗಿದ್ದೇನೆ ಅನ್ನಿಸಿದರೆ ಸಾಲದು. ಸುಮ್ಮನೆ ಕುಳಿತು ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನೋಡಿ. ಬಡಿತದ ಲಯ ತಪ್ಪಿದ್ದರೆ, ಅಥವಾ ಮಿಷನ್ನಿನಲ್ಲಿ ಆ ಗುರುತು ಪದೇ ಪದೇ ಬಂದರೆ, ಹೋಗಿ ಇಸಿಜಿ ಮಾಡಿಸಿ. ಈ ಕಾಯಿಲೆ ಬಂದು ಹೋಗಿ ಮಾಡುತ್ತದೆ, ಒಂದು ಸಲದ ಇಸಿಜಿ ಸರಿ ಇದ್ದರೂ ನೋಡಿದ್ದನ್ನು ವೈದ್ಯರಿಗೆ ಹೇಳಿ. "ನನ್ನ ಅಪಾಯ ಎಷ್ಟು?" ಎಂದು ಬಾಯಿಬಿಟ್ಟು ಕೇಳಿ. ಯಾರದಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ, ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಆ ಅಕ್ಕನ ಬಲಗೈ ಇನ್ನು ಮರಳಿ ಬರುವುದಿಲ್ಲ. ನಿಮ್ಮದು ಇನ್ನೂ ನಿಮ್ಮ ಮಾತು ಕೇಳುತ್ತಿದೆ. ಅದರ ನಾಡಿಯನ್ನು ಇವತ್ತೇ ಹಿಡಿದು ನೋಡಿ.