ಅವರೆ ಹೂವಿನ ನಾಲ್ಕು ಸಾಲು

ನಾನು ಒಂದು ಪುಸ್ತಕ. ನೇಯ್ಗೆ ಕಲಿಸುವ ತೆಳ್ಳನೆಯ ಕೈಪಿಡಿ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ. ಸೀಸದ ಅಕ್ಷರಗಳು ಒತ್ತಿದ ನೋವು ಆರುವ ಮೊದಲೇ ನನ್ನನ್ನು ಮಡಚಿ, ದಾರದಿಂದ ಹೊಲಿದು, ಬೆನ್ನಿಗೆ ಮೈದಾ ಅಂಟು ಬಳಿದರು. ಆ ಅಂಟಿನ ಆಸೆಗೆ ಮುಂದೆ ಎಷ್ಟೋ ಹುಳುಗಳು ನನ್ನನ್ನು ಹುಡುಕಿಕೊಂಡು ಬಂದವು. ಮನುಷ್ಯರು ಅಷ್ಟಾಗಿ ಬರಲಿಲ್ಲ.

ನನ್ನನ್ನು ಗುಳೇದಗುಡ್ಡದ ಒಂದು ಸಣ್ಣ ವಾಚನಾಲಯಕ್ಕೆ ಕಳಿಸಿದರು. ಅದು ಕುಪ್ಪಸದ ಖಣ ನೇಯುವವರ ಊರು. ದಿನವಿಡೀ ಮಗ್ಗದ ಮುಂದೆ ಕೂರುವ ಜನಕ್ಕೆ ನೇಯ್ಗೆಯ ಪುಸ್ತಕವೇಕೆ? ನನ್ನನ್ನು ತೆರೆದವನು ಗುರುಲಿಂಗಪ್ಪನೆಂಬ ನೇಕಾರ ಒಬ್ಬನೇ. ಅವನೂ ಓದಲು ಬಂದವನಲ್ಲ. ಕಿವಿಯ ಮೇಲಿನ ಮೋಟು ಪೆನ್ಸಿಲ್ ತೆಗೆದು, ನಲವತ್ತೆರಡನೆಯ ಪುಟದ ಖಾಲಿ ಜಾಗದಲ್ಲಿ ಚುಕ್ಕೆ, ಗೆರೆ ಹಾಕುತ್ತಿದ್ದ. ತಾನೇ ಕಟ್ಟಿದ ಅವರೆ ಹೂವಿನ ಖಣಕ್ಕೆ ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ನಾಲ್ಕು ಸಾಲುಗಳಲ್ಲಿ ಗುರುತು ಮಾಡಿಟ್ಟ.

ವಾಚನಾಲಯದ ಮಾಸ್ತರರು ನೋಡಿಬಿಟ್ಟರು. "ಗುರುಲಿಂಗಪ್ಪ, ಇದೇನ್ ನಿಮ್ಮ ಮನಿ ಗ್ವಾಡಿ ಅಂತ ತಿಳದಿಯೇನು?"

"ಮನ್ಯಾಗಿನ ಹಾಳಿ ಒಲಿಗೆ ಹೋಗ್ತಾವ್ರೀ ಮಾಸ್ತರ. ಇದು ವಾಚನಾಲಯದ ಪುಸ್ತಕ. ಎಲ್ಲಿಗೆ ಹೋಗತೈತಿ?"

ಮಾಸ್ತರರು ನಕ್ಕುಬಿಟ್ಟರು. ನಾನು ಆ ಮಾತನ್ನು ನಂಬಿದೆ.

ಅವನು ಬರುವುದು ನಿಂತ ಮೇಲೆ ಮೂವತ್ತೊಂದು ವರ್ಷ ನನ್ನನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಮಾಡು ಸೋರಿ ಕಪಾಟು ನೆನೆದಾಗ ನಮ್ಮನ್ನೆಲ್ಲ ಧಾರವಾಡದ ಒಂದು ಗ್ರಂಥಸಂರಕ್ಷಣಾ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಭುವನಾ ಎಂಬ ಹುಡುಗಿ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಕೈ ಎರಡೆರಡು ಸಲ ತೊಳೆಯುವಳು, ಪುಟ ಮೂರು ಮೂರು ಸಲ ಎಣಿಸುವಳು. ಕೆಲಸ ಹೇಳಿಕೊಡುವ ಕೊಪ್ಪದ ಸರ್ ಹೇಳಿದ್ದರು: "ಮೊದಲು ಧೂಳು ತೆಗಿ. ಓದಿದವರು ಗೀಚಿದ್ದೆಲ್ಲಾ ಅಳಸು."

ನಲವತ್ತೆರಡನೆಯ ಪುಟದಲ್ಲಿ ಅವಳ ಕೈ ನಿಂತಿತು. ಇದು ಗೀಚಿದ್ದೋ, ಬರೆದದ್ದೋ? ತಲೆಯೆತ್ತಿ ಸರ್ ಕಡೆ ನೋಡಿದಳು. ಇಷ್ಟೂ ತಿಳಿಯುವುದಿಲ್ಲವೇ ಎಂದುಬಿಟ್ಟರೆ? ಕೇಳಲಿಲ್ಲ. ರಬ್ಬರ್ ತೆಗೆದುಕೊಂಡು, ಕಲಿಸಿದಂತೆ, ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದಳು. ಅಷ್ಟು ಮೃದುವಾಗಿ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನಾಲ್ಕನೆಯ ಸಾಲು ಬೇಗ ಹೋಗಲಿಲ್ಲ. ಅದನ್ನು ಮಾತ್ರ ಕಾಗದದ ನಾರು ಏಳುವ ತನಕ ತಿಕ್ಕಿದಳು.

ಒಂಬತ್ತು ದಿನಗಳ ಮೇಲೆ ಗುರುಲಿಂಗಪ್ಪನ ಮಗಳು ನೀಲವ್ವ ನನ್ನನ್ನು ಹುಡುಕಿಕೊಂಡು ಬಂದಳು.

"ನಮ್ಮಪ್ಪ ಸಾಯೂಮುಂದ ಹೂವು ವಾಚನಾಲಯದಾಗೈತಿ ಅಂದಿದ್ದಾ. ತಲಿ ಕೆಟ್ಟೈತಿ ಅನ್ಕೊಂಡಿದ್ವಿ. ಮೊನ್ನೆ ಮಾಸ್ತರ ಮಗ, ನೇಯ್ಗಿ ಪುಸ್ತಕದಾಗ ಬರದಿಟ್ಟಾನ ಅಂತ ಬಿಡಿಸಿ ಹೇಳಿದ್ರು. ಮಗ್ಗ ಕಿತ್ತಿ ತೆಗಿಯೂದೈತ್ರೀ, ಅದಕ್ಕಿಂತ ಮೊದಲ ಒಂದ್ಸಲ ಆ ಖಣ ನೇಯಬೇಕು."

ಕೊಪ್ಪದ ಸರ್ ನನ್ನನ್ನು ಹಾಳೆ ಹಾಳೆಯಾಗಿ ತಿರುವಿದರು. "ಇದರಾಗ ಏನೂ ಇಲ್ಲವ್ವಾ. ಬ್ಯಾರೆ ಪುಸ್ತಕ ಇರಬೇಕು."

ನೀಲವ್ವ ಕೈಚೀಲ ಎತ್ತಿಕೊಂಡಳು. ಅದು ಇದೇ ಪುಸ್ತಕ ಎಂದು ಗೊತ್ತಿದ್ದದ್ದು ಇಬ್ಬರಿಗೆ. ಆ ಇಬ್ಬರಲ್ಲಿ ನನಗೆ ಬಾಯಿಲ್ಲ.

"ಇತ್ತು ಸರ್," ಎಂದಳು ಭುವನಾ. "ನಾನೇ ಅಳಿಸಿದೆ."

ನೀಲವ್ವ ಬಿಳಿಯ ಪುಟವನ್ನೇ ದಿಟ್ಟಿಸಿದಳು. "ಅಯ್ಯ ನಮ್ಮವ್ವಾ, ಏನ್ ಶಿಸ್ತಲೆ ತಿಕ್ಕೀ! ನಮ್ಮ ಮನಿ ಭಾಂಡೆ ತಿಕ್ಕಾಕರೆ ಬರಬೇಕಿತ್ತು ನೀ."

ಯಾರೂ ನಗಲಿಲ್ಲ. ಕೊಪ್ಪದ ಸರ್ ಬೈಯಲೂ ಇಲ್ಲ. ಎದ್ದು ಕಿಟಕಿ ಮುಚ್ಚಿದರು. ಟಾರ್ಚನ್ನು ಭುವನಾಳ ಕೈಗೆ ಕೊಟ್ಟು, ಬೆಳಕು ಪುಟದ ಮೇಲೆ ಅಡ್ಡಡ್ಡ ಹರಿಯುವಂತೆ ಹಿಡಿಯಲು ಹೇಳಿದರು. ಪೆನ್ಸಿಲ್ಲಿನ ಕಪ್ಪು ಹೋಗಿತ್ತು, ಒತ್ತಿದ್ದು ಹೋಗಿರಲಿಲ್ಲ. ಗುರುಲಿಂಗಪ್ಪನ ಕೈಭಾರ ಸಣ್ಣ ಸಣ್ಣ ಗುಳಿಗಳಾಗಿ ನೆರಳು ಚೆಲ್ಲಿತು.

"ಎರಡು ಮ್ಯಾಲೆ... ಒಂದು ಕೆಳಗ... ಮತ್ತ ಎರಡು ಮ್ಯಾಲೆ..." ನೀಲವ್ವ ಓದಿದಳು, ಸರ್ ಬರೆದುಕೊಂಡರು. ನನ್ನನ್ನು ಯಾರಾದರೂ ಗಟ್ಟಿಯಾಗಿ ಓದಿದ್ದು ಅದೇ ಮೊದಲು.

ಮೂರು ಸಾಲು ಸಿಕ್ಕವು. ನಾಲ್ಕನೆಯದರಲ್ಲಿ ಎದ್ದ ನಾರಿನ ನೆರಳಷ್ಟೇ.

"ಇನ್ನೊಂದ್ಸಲ ಹಿಡಿ," ಎಂದಳು ನೀಲವ್ವ. ಭುವನಾ ಹಿಡಿದಳು. ಮತ್ತೊಂದು ಸಲ. ಮತ್ತೂ ಒಂದು ಸಲ.

ಕೊನೆಗೆ ನೀಲವ್ವ ಸರ್ ಬರೆದ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೂರು ಸಾಲಿಗೆ ಹೂವು ಅರಳಂಗಿಲ್ಲವ್ವಾ. ನೋಡ್ತೇನಿ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ.

ಮೂರು ತಿಂಗಳು ಮುಗಿಸಿ ಹೊರಡುವ ಮುನ್ನ ಭುವನಾ ನನ್ನೊಳಗೆ ಒಂದು ಚೀಟಿ ಇಟ್ಟಳು: "ಪುಟ ೪೨ರಲ್ಲಿ ಓದುಗರೊಬ್ಬರ ಬರಹವಿತ್ತು. ಅಳಿಸಿದವಳು ನಾನು." ಕೆಳಗೆ ಪೂರ್ತಿ ಹೆಸರು, ಶಾಯಿಯಲ್ಲಿ.

ಈಗ ನಾನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿದ್ದೇನೆ. ಇಲ್ಲಿ ಧೂಳಿಲ್ಲ, ತೇವವಿಲ್ಲ. ಹುಳುಗಳು ಕೂಡ ಬರುವುದಿಲ್ಲ. ಆ ಖಣ ನೇಯ್ದು ಮುಗಿಯಿತೋ, ಮಗ್ಗವೇ ಮೊದಲು ಹೋಯಿತೋ ನನಗೆ ತಿಳಿಯದು. ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದನಲ್ಲ ಗುರುಲಿಂಗಪ್ಪ, ಅವನ ಮಾತು ಸುಳ್ಳಾಗಲಿಲ್ಲ. ನಾನು ಒಲೆಗೂ ಹೋಗಲಿಲ್ಲ, ಕಳೆದೂ ಹೋಗಲಿಲ್ಲ. ಹೋದದ್ದು ನಾಲ್ಕನೆಯ ಸಾಲು.