ಪಟಿಕದ ಕಲ್ಲು

ಸೂಜಿ, ರಕ್ತ, ಹಾಸಿಗೆ, ತಾಯಿಯಿಂದ ಮಗುವಿಗೆ ಎಂದು ರೋಗ ಹರಡುವ ದಾರಿಗಳಿಗೆ ನರ್ಸಮ್ಮ ಬೆರಳು ಮಡಚುತ್ತಾ ಹೋದಾಗ ಲಾರಿ ಡ್ರೈವರನ ಹೆಂಡತಿಯ ಕಿವಿ ಹಾಸಿಗೆಯ ಹತ್ತಿರವೇ ನಿಂತುಬಿಟ್ಟಿತು. ಲಾರಿ ಸ್ಟ್ಯಾಂಡಿನ ತಪಾಸಣೆಯಲ್ಲಿ ಗಂಡನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತ್ತು. ಅವಳ ರಕ್ತ ಚೊಕ್ಕವಾಗಿತ್ತು. ವಾರಗಟ್ಟಲೆ ಊರೂರು ಸುತ್ತುವ ಗಂಡಸಿಗೆ ಇದು ಎಲ್ಲಿಂದ ಬಂದೀತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನು ಅಂಥ ಕಡೆ ಎಲ್ಲಿಗೂ ಹೋಗಿಲ್ಲ ಎಂದ ಗಂಡ. ಅವಳು ಚಾಪೆಯನ್ನು ಹೊಲಿಗೆ ಮೆಷಿನ್ನಿನ ಕೋಣೆಗೆ ಎಳೆದುಕೊಂಡಳು. ಭಾನುವಾರ ಅಣ್ಣ ಬಂದು ತವರಿಗೆ ಕರೆದೊಯ್ಯುವುದೆಂದು ಮಾತಾಯಿತು.

ಅಷ್ಟರಲ್ಲಿ ಬೀದಿಯಲ್ಲೂ ತಪಾಸಣೆ ನಡೆದು ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರರಿಗೂ ಅದೇ ಎಂದು ತಿಳಿಯಿತು. ಮನೆ ಬಿಟ್ಟರೆ ಲೈಬ್ರರಿ, ಲೈಬ್ರರಿ ಬಿಟ್ಟರೆ ಮನೆ ಎಂದಿದ್ದ ಮನುಷ್ಯ. ಪರೀಕ್ಷೆ ಬರೆಯದೆಯೇ ಪಾಸಾದೆ ಎಂದು ಅವರೇ ಗೇಟಿನಲ್ಲಿ ನಿಂತು ಹೇಳಿಕೊಂಡರು. ಮೂಲೆಯಂಗಡಿಯ ಮುದುಕನಿಗೂ ಇತ್ತು. ಅವನಂತೂ ಗಲ್ಲಾಪೆಟ್ಟಿಗೆ ಬಿಟ್ಟು ಏಳುವವನೇ ಅಲ್ಲ. ಇವರಿಬ್ಬರು ಯಾವ ಹಾಸಿಗೆ ಹುಡುಕಿಕೊಂಡು ಹೋದಾರು? ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ತಲೆಗೆ ಹುಳ ಬಿಟ್ಟಂತಾಯಿತು. ಗಂಡನೂ ಸೇರಿ ಮೂವರೂ ಕ್ಷೌರಕ್ಕೆ ಹೋಗುತ್ತಿದ್ದುದು ಒಂದೇ ಅಂಗಡಿಗೆ.

ಆ ಅಂಗಡಿಗೆ ಗಿರಾಕಿಗಳ ಮೈಗೆ ಹೊದಿಸುವ ಬಟ್ಟೆ ಹೊಲಿದುಕೊಡುತ್ತಿದ್ದವಳು ಅವಳೇ. ಮರುದಿನ ಬಟ್ಟೆ ಕೊಟ್ಟು, ಬಿಸಿಲಿಳಿಯಲಿ ಎಂಬ ನೆಪ ಹೇಳಿ ಬೆಂಚಿನ ತುದಿಯಲ್ಲಿ ಕೂತಳು. ಕ್ಷೌರಿಕ ಪ್ರತಿಯೊಬ್ಬರ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚುತ್ತಿದ್ದ. ಅದು ಅವನ ಹೆಮ್ಮೆ. ಇಲ್ಲೇನೂ ಇಲ್ಲ ಎಂದು ಅವಳು ಏಳುವುದರಲ್ಲಿದ್ದಾಗ ಕುರ್ಚಿಯಲ್ಲಿದ್ದವನ ಗದ್ದದಲ್ಲಿ ಒಂದು ಹನಿ ರಕ್ತ ಜಿನುಗಿತು. ಕ್ಷೌರಿಕ ಪಟಿಕದ ಕಲ್ಲನ್ನು ನೀರಿನಲ್ಲದ್ದಿ ಗಾಯದ ಮೇಲೆ ಉಜ್ಜಿದ, ರಕ್ತ ನಿಂತಿತು, ಕಲ್ಲು ತಟ್ಟೆಗೆ ಮರಳಿತು. ಮುಂದಿನವನ ಗದ್ದಕ್ಕೂ ಅದೇ ಕಲ್ಲು. ಸವೆದ ಸಾಬೂನಿನಂತೆ ನುಣುಪಾಗಿತ್ತು.

"ಅಣ್ಣಾ, ಆ ಕಲ್ಲು ತೊಳೆಯಲ್ವಾ?"

"ಎಲ್ಲಾನೂ ಕ್ಲೀನ್ ಮಾಡೋದೇ ಅದು. ಅದನ್ನ ಇನ್ನೇನು ತೊಳೆಯೋದು ತಾಯಿ?" ಎಂದು ಅವನು ನಕ್ಕ. ಕೂತಿದ್ದವರೂ ನಕ್ಕರು.

ಅವಳು ನೇರ ಆಸ್ಪತ್ರೆಗೆ ನಡೆದಳು. ನರ್ಸಮ್ಮ ಎಲ್ಲ ಕೇಳಿಸಿಕೊಂಡು, ಒಣಗಿದ ರಕ್ತದಲ್ಲೂ ಆ ರೋಗಾಣು ದಿನಗಟ್ಟಲೆ ಬದುಕಿರುತ್ತದೆ, ಅಂಗಡಿಯವನ ಹತ್ತಿರ ತಾನೇ ಹೋಗಿ ಮಾತಾಡುತ್ತೇನೆ ಎಂದಳು. ಅವಳ ತೋಳಿಗೆ ಲಸಿಕೆಯ ಮೊದಲ ಸೂಜಿ ಚುಚ್ಚಿ ಹತ್ತಿ ಒತ್ತಿ ಹಿಡಿದಳು.

"ನೋಡಮ್ಮ, ನಿನ್ನ ಗಂಡನಿಗೆ ಅಲ್ಲಿಂದಲೇ ಬಂತು ಅಂತ ನಾನು ಆಣೆ ಮಾಡಲಾರೆ. ಹುಟ್ಟುವಾಗಲೇ ಬಂದಿರಬಹುದು. ಇನ್ನೆಲ್ಲಿಂದಾದರೂ ಬಂದಿರಬಹುದು."

ಅವಳು ತಲೆಯಾಡಿಸಿದಳು. ದಾರಿಯಲ್ಲಿ ಅಣ್ಣನಿಗೆ ಫೋನು ಮಾಡಿ ಈ ಭಾನುವಾರ ಬೇಡ ಎಂದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ ಹೊಲಿಗೆ ಕೆಲಸ ತುಂಬ ಇದೆ ಎಂದಳು.

ಗಂಡ ಗಡ್ಡ ಬೆಳೆಸಿಕೊಂಡು ಕೂತಿದ್ದ. ಅವಳು ತಂದ ಹೊಸ ರೇಜರನ್ನೂ ಬಿಸಿನೀರನ್ನೂ ಅವನ ಮುಂದಿಟ್ಟಳು. ಅಂಗಡಿಯಲ್ಲಿ ಕಂಡದ್ದನ್ನು ಹೇಳಿದಳು, ನರ್ಸಮ್ಮ ಹೇಳಿದ್ದನ್ನೂ ಬಿಡದೆ ಹೇಳಿದಳು. ಅವನು ಮುಖದ ತುಂಬ ನೊರೆ ಹಚ್ಚಿಕೊಂಡು ಕೇಳುತ್ತಿದ್ದ.

"ಹಾಗಾದ್ರೆ ಈಗ ನನ್ನ ನಂಬ್ತೀಯಾ?"

"ಗದ್ದ ಅಲ್ಲಾಡಿಸ್ಬೇಡಿ" ಎಂದಳು ಅವಳು.

ಕನ್ನಡಿಯನ್ನು ಅವನ ಮುಖದ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಸೂಜಿ ಚುಚ್ಚಿದ ತೋಳು ಜೋಮು ಹಿಡಿದು ನೋಯುತ್ತಿತ್ತು. ಅವನು ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ತಿರುಗಿದಾಗ ಅವಳು ಕನ್ನಡಿಯನ್ನೂ ಅತ್ತ ಸರಿಸಿದಳು.