ಮಾರೆನ್ ಬರೆದ ದೊಡ್ಡಕ್ಷರ

ಲವಾರ್ ‘ಜಿ’ ಅಕ್ಷರವನ್ನು ಚಿಕ್ಕದು ಮಾಡಿದ್ದ. ನೆಡ್ರಾ ಭೂತಕನ್ನಡಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಎಡಗಡೆ ಅವರಿಬ್ಬರ ಮುತ್ತಜ್ಜಿ ಮಾರೆನ್ ಡೇನಿಶ್ ಭಾಷೆಯಲ್ಲಿ ಬರೆದಿಟ್ಟ ದಿನಚರಿಯ ಪುಟ, ಬಲಗಡೆ ತಮ್ಮ ಲವಾರ್ ಅಚ್ಚು ಹಾಕಿಸಿ ತಂದ ಹಾಳೆ. ಪುಟದಲ್ಲಿ ಆ ಅಕ್ಷರ ದೊಡ್ಡದಾಗಿ ಬಾಲ ಬಿಟ್ಟುಕೊಂಡು ಕೂತಿತ್ತು. ಹಾಳೆಯಲ್ಲಿ ಮಾತ್ರ ಏನೂ ಅರಿಯದ ಹಾಗೆ ಸಣ್ಣಗಾಗಿ ಸಾಲಿನಲ್ಲಿ ಸೇರಿಹೋಗಿತ್ತು. ಹಾಳೆಯ ತುದಿಯಲ್ಲಿ, ಅವಳನ್ನು ಕೇಳುವ ಮೊದಲೇ, “ಮೂಲದಲ್ಲಿದ್ದಂತೆ ನಕಲು ಮಾಡಿದ್ದೇನೆ – ನೆಡ್ರಾ ಮಿಕೆಲ್ಸನ್” ಎಂದು ಅಚ್ಚಾಗಿತ್ತು.

“ಸಹಿ ಒಂದು ಹಾಕಿಬಿಡು ಅಕ್ಕಾ,” ಎಂದ ಲವಾರ್. “ನಾಳೆ ಐದು ಗಂಟೆಗೆ ಚರ್ಚಲ್ಲಿ ನನ್ನ ಭಾಷಣ. ಅರವತ್ತು ಪ್ರತಿ ತೆಗೆಸಿದ್ದೀನಿ.”

ಸ್ಯಾನ್‌ಪೀಟ್ ಕಣಿವೆಯಲ್ಲಿ ಹಾಳೆಯ ತುದಿಯ ಆ ಒಂದು ಸಾಲಿಗೆ ಬೆಲೆಯಿತ್ತು. ಒಂದೇ ಚರ್ಚಿಗೆ ಸೇರಿ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಬಂದವರ ಮೊಮ್ಮಕ್ಕಳ ಊರು; ಇಲ್ಲಿ ಎಲ್ಲರಿಗೂ ಸತ್ತವರದ್ದೇ ಕೆಲಸ. ಯಾವ ಅಜ್ಜಿ ಯಾವ ಹಡಗಿನಲ್ಲಿ ಬಂದಳು, ಯಾವ ತಾತನಿಗೆ ಎಷ್ಟು ಹೆಂಡಿರು ಎಂದು ಹುಡುಕಿ, ಚರ್ಚಿನ ದೇವಾಲಯಕ್ಕೆ ಹೆಸರು ಕೊಟ್ಟು, ಸತ್ತ ಗಂಡ ಹೆಂಡಿರು ಮಕ್ಕಳನ್ನೆಲ್ಲ ಪರಲೋಕಕ್ಕೂ ಬೆಸುಗೆ ಹಾಕಿಸದೆ ಇವರಿಗೆ ನಿದ್ದೆ ಹತ್ತುವುದಿಲ್ಲ. ಅಟ್ಟದಲ್ಲಿ ಸಿಕ್ಕ ಹಳೆಯ ದಿನಚರಿಗಳೆಲ್ಲ ಬರುವುದು ನೆಡ್ರಾಳ ಅಡುಗೆಮನೆಯ ಮೇಜಿಗೆ. ಮದುವೆಯಾಗದೆ ಉಳಿದ ಶಾಲಾ ಟೀಚರು ಅವಳು, ಈಗ ಎಪ್ಪತ್ತೊಂದು. ನಲವತ್ತು ವರ್ಷದಲ್ಲಿ ಸತ್ತವರ ಒಂದು ಕಾಗುಣಿತವನ್ನೂ ಅವಳು ತಿದ್ದಿಲ್ಲ. ನೆಡ್ರಾ ನಕಲು ಮಾಡಿದ್ದಾಳೆ ಎಂದರೆ ಮೂಲ ಪುಟವನ್ನು ಯಾರೂ ಕೇಳುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಎರಡು ವಾರದ ಹಿಂದೆ. ಚರ್ಚು ಬಿಟ್ಟು ಹೋದವರ ಒಂದು ಗುಂಪು ಇಂಟರ್ನೆಟ್ಟಿನಲ್ಲಿ ಮಾರೆನ್‌ಳ ಆ ಪುಟದ ಚಿತ್ರ ಹಾಕಿತ್ತು. ಮೇಲೆ ದಪ್ಪಕ್ಷರದ ತಲೆಬರಹ: ‘ಮೊದಲ ಬಿಷಪ್ಪನ ಮನೆಯಲ್ಲಿ ವಿಷ – ಹದಿನಾರರ ಮೂರನೇ ಹೆಂಡತಿಗೆ ಕುಡಿಸಿದವನು ಗಂಡನೇ?’ ಪಕ್ಕದಲ್ಲಿ ಆ ಬಿಷಪ್ಪನ, ಅಂದರೆ ಮಾರೆನ್‌ಳ ಗಂಡ ಮುತ್ತಜ್ಜ ಓಲೆ ಎಂಬಾತನ, ಗೋರಿಯ ಕಲ್ಲು; ಆ ಕಾಲಕ್ಕೆ ಇವರ ಚರ್ಚಿನಲ್ಲಿ ಬಿಷಪ್ಪನಿಗೂ ಹಲವು ಹೆಂಡಿರು. ಕೆಳಗೆ ನೂರಾರು ಜನರ ಕುಚೋದ್ಯ. ಒಬ್ಬ ಸೂಪಿನ ಬಟ್ಟಲಿನ ಚಿತ್ರ ಹಾಕಿ “ಬಡಿಸಲೇ ಪ್ರಿಯೆ” ಎಂದು ಬರೆದಿದ್ದ. ಕಂಡವರ ಮನೆಗೆ ಬೆಂಕಿ ಬಿದ್ದರೆ ಮೈ ಕಾಯಿಸಿಕೊಳ್ಳುವ ಜನ. ಮಾರೆನ್ ಎಂಬ ಹುಡುಗಿಗಾಗಿ ಅವರಲ್ಲಿ ಒಬ್ಬರೂ ಮರುಗಿರಲಿಲ್ಲ.

ಆ ಪುಟದ ಚಿತ್ರ ತೆಗೆದು ಅವರಿಗೆ ಕೊಟ್ಟವಳು ಲವಾರ್‌ನ ಮಗಳು ಜನೇ. ಚರ್ಚು ಬಿಟ್ಟ ಮೇಲೆ ಎರಡು ವರ್ಷದಿಂದ ಅವಳು ಅಪ್ಪನ ಮನೆಯ ಹೊಸಿಲು ತುಳಿದಿರಲಿಲ್ಲ.

ಲವಾರ್ ಇಪ್ಪತ್ತು ವರ್ಷದಿಂದ ಇಂಥ ಆರೋಪಗಳಿಗೆ ಉತ್ತರ ಬರೆಯುವವನು. ಮೊದಮೊದಲು ನಿಜಕ್ಕೂ ಓದಿ ಬರೆಯುತ್ತಿದ್ದ. ಎದುರಾಳಿ ಸರಿ ಹೇಳಿದ್ದನ್ನು ಸರಿ ಎಂದೂ ಒಪ್ಪುತ್ತಿದ್ದ. ಬರಬರುತ್ತ ಅವನಿಗೊಂದು ಕೈಚಳಕ ಸಿದ್ಧಿಸಿತು. ಎದುರಾಳಿ ಮಾಡಿದ ಒಂದು ತಪ್ಪನ್ನು ಹಿಡಿಯುವುದು, ಉಳಿದ ಪ್ರಶ್ನೆಗಳು ಎಲ್ಲರಿಗೂ ಮರೆತುಹೋಗುವ ತನಕ ಅದೊಂದನ್ನೇ ಎತ್ತಿ ತೋರಿಸುವುದು. ಈ ಸಲ ಅವನಿಗೆ ಸಿಕ್ಕಿದ್ದು ‘ಜಿ’ಯಿಂದ ಶುರುವಾಗುವ ‘ಗಿಫ್ಟ್’ ಎಂಬ ಪದ. ಡೇನಿಶ್‌ನಲ್ಲಿ ‘ಮದುವೆಯಾದವಳು’ ಎಂಬುದಕ್ಕೂ ‘ವಿಷ’ಕ್ಕೂ ಅದೊಂದೇ ಪದ. ಈ ಕಣಿವೆಯ ಡೇನಿಶ್ ಅಜ್ಜಿಯರೆಲ್ಲ ಮದುವೆಮನೆಗಳಲ್ಲಿ ಈ ತಮಾಷೆ ಹೇಳಿ ನಗುತ್ತಿದ್ದರು. ಲವಾರ್ ಹತ್ತೊಂಬತ್ತರಲ್ಲಿ ಧರ್ಮಪ್ರಚಾರಕ್ಕೆಂದು ಡೆನ್ಮಾರ್ಕಿಗೆ ಹೋಗಿ ಎರಡು ವರ್ಷ ಬಾಗಿಲು ತಟ್ಟಿದ್ದ. ಅಲ್ಲಿ ಕಲಿತ ಭಾಷೆಯಲ್ಲಿ ಹೆಚ್ಚಿನ ಪಾಲು ಬಾಗಿಲು ಹಾಕಿಕೊಳ್ಳುವಾಗ ಜನ ಹೇಳಿದ್ದು. ಆದರೂ ಈ ಪದ ಅವನಿಗೆ ನೆನಪಿತ್ತು.

ಅವನ ಹಾಳೆಯಲ್ಲಿ ಡೇನಿಶ್ ಸಾಲಿನ ಕೆಳಗೆ ಅನುವಾದ ಹೀಗಿತ್ತು: “ಮಂಗಳವಾರ. ನಾನು ವಿವಾಹಿತೆಯಾದೆ... ಸಂಜೆ ಹಾಲು ಕರೆದೆ.”

“ಈ ಮೂರು ಚುಕ್ಕೆ ಏನೋ?” ಎಂದಳು ನೆಡ್ರಾ.

“ಅಲ್ಲಿ ಕೈಬರಹ ಓದೋಕಾಗಲ್ಲ.”

“ನಂಗೆ ಓದೋಕಾಗತ್ತೆ. ‘ಅದು ನನ್ನೊಳಗೆ ನಿಲ್ಲಲಿಲ್ಲ.’ ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ.”

ಲವಾರ್ ಹಾಳೆಯನ್ನು ಅವಳತ್ತ ಇನ್ನಷ್ಟು ಸರಿಸಿದ.

“ಇದು ದೊಡ್ಡಕ್ಷರ,” ಎಂದು ಅವಳು ಪುಟದ ಮೇಲೆ ಬೆರಳಿಟ್ಟಳು. “ಆಗಿನ ಡೇನಿಶರು ವಸ್ತುಗಳ ಹೆಸರನ್ನೆಲ್ಲ ದೊಡ್ಡಕ್ಷರದಲ್ಲಿ ಶುರು ಮಾಡ್ತಿದ್ರು. ಹಸು, ಬಕೆಟ್ಟು, ಒಲೆ, ವಿಷ. ಮದುವೆಯಾದವಳು ಅನ್ನೋದು ವಸ್ತುವಲ್ಲ, ಅದಕ್ಕೆ ಚಿಕ್ಕಕ್ಷರ. ಅವಳ ಮದುವೆ ಆಗಿದ್ದು ಮೇ ತಿಂಗಳಲ್ಲಿ, ಸಾಲ್ಟ್ ಲೇಕ್‌ನಲ್ಲಿ. ಆ ಪುಟ ತೆಗೆದು ನೋಡು, ಇದೇ ಪದಾನ ಚಿಕ್ಕದಾಗಿ ಬರೆದಿದ್ದಾಳೆ. ಇದು ಅಕ್ಟೋಬರ್. ನಿನ್ನ ಹಾಳೇಲಿ ತಿಂಗಳೇ ಕಾಣೆ.”

“ಹದಿನಾರರ ಹುಡುಗಿ, ಅಕ್ಕಾ. ಶಾಲೆಗೆ ಹೋದವಳಲ್ಲ. ಅಕ್ಷರ ದೊಡ್ಡದೋ ಚಿಕ್ಕದೋ, ಅವಳಿಗೇನು ಗೊತ್ತಿತ್ತು?”

“ವಿವಾಹಿತೆ ‘ಆದೆ’ ಅಂದಿದ್ದೀಯ. ಅವಳು ಬರೆದಿರೋದು ‘ತೆಗೆದುಕೊಂಡೆ’. ಮದುವೇನ ಯಾರಾದ್ರೂ ಚಮಚದಲ್ಲಿ ತೆಗೆದುಕೊಳ್ತಾರೇನೋ?”

ಲವಾರ್ ಕಿಟಕಿಯ ಕಡೆ ಮುಖ ಮಾಡಿದ. ಹೊರಗೆ ಟರ್ಕಿ ಕೋಳಿಗಳ ಲಾರಿಯೊಂದು ಪುಕ್ಕ ಉದುರಿಸುತ್ತ ಹೋಯಿತು.

“ಜನೇ ಫೋನ್ ಮಾಡಿದ್ಲು,” ಎಂದ, ಸ್ವರ ತಗ್ಗಿಸಿ. “ನೆಡ್ರಾ ಅತ್ತೆ ಸಹಿ ಮಾಡಿದ್ರೆ ನಾನು ನಂಬ್ತೀನಿ ಅಪ್ಪ ಅಂದ್ಲು. ಇಂಟರ್ನೆಟ್ಟಲ್ಲಿ ಹಾಕಿದ್ದನ್ನ ತೆಗೆಸ್ತಾಳಂತೆ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಮನೆಗೆ ಬರ್ತಾಳಂತೆ. ಅವಳಮ್ಮ ಆಗಲೇ ಅವಳ ಕೋಣೆ ಗುಡಿಸಿಟ್ಟಿದ್ದಾಳೆ. ಒಂದು ಅಕ್ಷರ ಅಕ್ಕಾ. ಒಂದೇ ಒಂದು ಅಕ್ಷರ.”

ಅವನ ಕಣ್ಣು ಒದ್ದೆಯಾಗಿತ್ತು, ಅದು ನಾಟಕವಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಮಗಳ ಮೇಲಿನ ಪ್ರೀತಿಯಿಂದ ತಿಪ್ಪೆ ಸಾರಿಸಿದರೂ ತಿಪ್ಪೆ ತಿಪ್ಪೆಯೇ.

“ದೇವರು ನಿಜವಾಗಿದ್ರೆ ಅವನಿಗೆ ನಿನ್ನ ಮೂರು ಚುಕ್ಕೆಯ ಊರುಗೋಲು ಬೇಕಿಲ್ಲ,” ಎಂದಳು. “ಹಾಳೆ ಇಟ್ಟು ಹೋಗು.”

ಸಂಜೆ ಜನೇ ತಾನೇ ಫೋನ್ ಮಾಡಿದಳು.

“ಅತ್ತೆ, ನೀವು ಸಹಿ ಹಾಕ್ತೀರಂತೆ, ಹೌದಾ?”

“ನಾಳೆ ಚರ್ಚಿಗೆ ಬಾ.”

“ನಾನಾ? ಅಲ್ಲಿಗೆ? ಪ್ಯಾಂಟು ಹಾಕ್ಕೊಂಡು ಬಂದ್ರೆ ಸಿಸ್ಟರ್ ಥೋರಾ ಮೂರ್ಛೆ ಹೋಗ್ತಾರೆ.”

“ಹೋಗಲಿ, ನೀರು ಚಿಮುಕಿಸೋಣ. ಒಂದು ಕೇಳ್ತೀನಿ ಜನೇ. ಗಂಡನೇ ಕುಡಿಸಿದ ಅಂತ ನಿನಗೆ ಹೇಳಿದ್ಯಾರು?”

“ಪುಟ ಕೊಟ್ಟಿದ್ದು ನಾನು. ತಲೆಬರಹ ಅವರು ಹಾಕಿದ್ದು.”

“ನೀನು ಬೇಡ ಅಂದ್ಯಾ?”

“ಇಲ್ಲ,” ಎಂದಳು ಜನೇ.

ನೆಡ್ರಾ ಫೋನ್ ಇಟ್ಟು, ಬಟ್ಟಲಿಗೆ ಬಡಿಸಿಕೊಂಡಿದ್ದ ಆಲೂಗಡ್ಡೆಯನ್ನು ಹಾಗೆಯೇ ಕಸದ ಬುಟ್ಟಿಗೆ ಸುರಿದಳು. ಸಹಿ ಹಾಕಿದರೆ ತಮ್ಮನಿಗೆ ಮಗಳು ಸಿಗುತ್ತಾಳೆ. ಹಾಕದಿದ್ದರೆ ಆ ಸೂಪಿನ ಬಟ್ಟಲಿನವರು ಕುಣಿಯುತ್ತಾರೆ. ಪೆನ್ನನ್ನು ಎರಡು ಸಲ ಕೈಗೆತ್ತಿಕೊಂಡಳು. ಎರಡನೇ ಸಲ ತನ್ನ ಹೆಸರಿನ ಮೊದಲ ಅಕ್ಷರದ ಒಂದು ಗೀಟೂ ಎಳೆದಳು. ಅಷ್ಟರಲ್ಲಿ ಅಜ್ಜಿ ಕ್ರಿಸ್ಟೆನ್ ನೆನಪಾದಳು. ಅವಳು ಮಾರೆನ್‌ಳ ಮಗಳು, ನೆಡ್ರಾಳಿಗೆ ಡೇನಿಶ್ ಕಲಿಸಿದವಳು. ಊಟ ಬಿಟ್ಟು ಏಳುವ ಮಕ್ಕಳಿಗೆ ಅವಳು ಒಂದೇ ಮಾತು ಹೇಳುತ್ತಿದ್ದಳು: “ನಮ್ಮಮ್ಮನಿಗೆ ಮಾತ್ರ ಯಾರೂ ಬಲವಂತ ಮಾಡ್ತಿರಲಿಲ್ಲ. ಅವಳ ಹೊಟ್ಟೆ ಸರಿಯಿರಲಿಲ್ಲ.” ಅರವತ್ತು ವರ್ಷ ಆ ಮಾತಿಗೆ ಅರ್ಥವಿದೆ ಎಂದು ನೆಡ್ರಾಳಿಗೆ ಅನ್ನಿಸಿರಲಿಲ್ಲ.

ಭಾನುವಾರ ಐದಕ್ಕೆ ಚರ್ಚಿನ ಹಿಂದಿನ ಸಭಾಂಗಣ ತುಂಬಿತ್ತು. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮಡಚುವ ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಮೇಲೂ ಒಂದೊಂದು ಹಾಳೆ. ಸಹಿಗೆ ಬಿಟ್ಟ ಜಾಗ ಖಾಲಿಯಿತ್ತು. ಹೆಸರು ಮಾತ್ರ ಅಚ್ಚಾಗಿತ್ತು, ಅಷ್ಟೇ ಸಾಕಾಗಿತ್ತು. ಗೋಡೆಯ ಬದಿಯ ಮೇಜಿನ ಮೇಲೆ ಆಮೇಲಿನ ತಿಂಡಿ: ಕುಕಿ, ಚೀಸ್ ಹಾಕಿದ ಆಲೂಗಡ್ಡೆ, ಕ್ಯಾರೆಟ್ ತುರಿದು ಹಾಕಿದ ಹಸಿರು ಜೆಲ್ಲೋ ಎಂಬ ಅಲುಗಾಡುವ ಸಿಹಿ. ಕೊನೆಯ ಸಾಲಿನಲ್ಲಿ ಪ್ಯಾಂಟು ತೊಟ್ಟ ಜನೇ. ಅವಳನ್ನು ಕಂಡು ಲವಾರ್‌ನ ಮುಖ ಎಳೆಯ ಹುಡುಗನ ಹಾಗೆ ಅರಳಿತು. ನೆಡ್ರಾ ನೋಡಲಾರದೆ ತಲೆ ತಗ್ಗಿಸಿದಳು.

ಅವನು ಚೆನ್ನಾಗಿ ಮಾತಾಡಿದ. ಚೆನ್ನಾಗಿ ಮಾತಾಡುವುದು ಅವನಿಗೆ ಬರುತ್ತಿತ್ತು.

“ಇಂಟರ್ನೆಟ್ಟಲ್ಲಿ ಇದನ್ನ ಬರೆದೋರಿಗೆ ಡೇನಿಶ್ ಬರಲ್ಲ,” ಎಂದ. “ಕಂಪ್ಯೂಟರ್ ಕೇಳಿದ್ದಾರೆ. ಅದು ವಿಷ ಅಂದಿದೆ. ಪಾಪ, ಕಂಪ್ಯೂಟರ್‌ಗೆ ಇನ್ನೂ ಮದುವೆ ಆಗಿಲ್ಲ.”

“ಆಗಿದ್ರೂ ಅದನ್ನೇ ಹೇಳ್ತಿತ್ತು,” ಎಂದು ಮುದುಕನೊಬ್ಬ ಗೊಣಗಿದ. ಅವನ ಹೆಂಡತಿ ಮೊಣಕೈಯಲ್ಲಿ ತಿವಿದಳು. ಇಡೀ ಸಭೆ ನಕ್ಕಿತು.

“ನೋಡಿ ಆ ಹುಡುಗಿಯ ಶ್ರದ್ಧೆ,” ಎಂದ ಲವಾರ್, ಹಾಳೆ ಎತ್ತಿ ಹಿಡಿದು. “ಮದುವೆಯಾದ ದಿನಾನೂ ಹಾಲು ಕರೆದಿದ್ದಾಳೆ. ಒಂದು ದೂರಿಲ್ಲ, ಗೊಣಗಾಟ ಇಲ್ಲ. ನಾವು ಅಂಥವರ ಮೊಮ್ಮಕ್ಕಳು.”

ಎರಡು ಮೂರು ಹೆಂಗಸರು ಕಣ್ಣೊರೆಸಿಕೊಂಡರು. ಆ ಕಣ್ಣೀರು ಕಂಡು ನೆಡ್ರಾಳಿಗೆ ಅಸಹ್ಯವಾಯಿತು. ಇಷ್ಟು ಅಗ್ಗದಲ್ಲಿ ಅಳುವ ಜನರ ನಡುವೆ ಆ ಹುಡುಗಿ ಯಾರಲ್ಲಿ ಹೇಳಿಕೊಂಡಿದ್ದಾಳು? ಎದ್ದು ನಿಂತಳು.

“ಸಿಸ್ಟರ್ ಮಿಕೆಲ್ಸನ್,” ಎಂದು ಇಲ್ಲಿ ಎಲ್ಲ ಹೆಂಗಸರನ್ನೂ ಕರೆಯುವಂತೆ ಕರೆದು ಈಗಿನ ಬಿಷಪ್ ಸಂತೋಷದಿಂದ ದಾರಿ ಬಿಟ್ಟರು. “ಎರಡು ಮಾತು ಹೇಳ್ತೀರಾ? ಬನ್ನಿ, ಬನ್ನಿ.”

ಮೈಕಿನ ಮುಂದೆ ಅವಳು ಮಾರೆನ್‌ಳ ದಿನಚರಿ ತೆರೆದು ಹಿಡಿದಳು.

“ನನಗೆ ಗೊತ್ತು,” ಎಂದಳು.

ಎಲ್ಲರೂ ಕುರ್ಚಿಯಲ್ಲಿ ಹಾಯಾಗಿ ಒರಗಿದರು. ಇಲ್ಲಿ ಸಾಕ್ಷಿ ಹೇಳಲು ನಿಂತವರೆಲ್ಲ ಹೀಗೇ ಶುರು ಮಾಡುತ್ತಾರೆ. ಮೂರು ವರ್ಷದ ಮಗುವೂ ತಾಯಿ ಕಿವಿಯಲ್ಲಿ ಹೇಳಿಕೊಟ್ಟಂತೆ ‘ಈ ಚರ್ಚು ಸತ್ಯ ಅಂತ ನನಗೆ ಗೊತ್ತು’ ಎನ್ನುತ್ತದೆ. ಮುಂದಿನದು ಎಲ್ಲರಿಗೂ ಬಾಯಿಪಾಠ.

“ನನಗೆ ಡೇನಿಶ್ ಗೊತ್ತು,” ಎಂದಳು ನೆಡ್ರಾ.

ಮೊದಲು ಮಾರೆನ್‌ಳ ಮಾತಿನಲ್ಲೇ ಓದಿದಳು. ಆಮೇಲೆ ಎದುರು ಕೂತವರ ಮಾತಿನಲ್ಲಿ, ಮಕ್ಕಳಿಗೆ ಉಕ್ತಲೇಖನ ಕೊಡುವಂತೆ ನಿಧಾನವಾಗಿ: “ಅಕ್ಟೋಬರ್. ಮಂಗಳವಾರ. ನಾನು ವಿಷ ತೆಗೆದುಕೊಂಡೆ. ಅದು ನನ್ನೊಳಗೆ ನಿಲ್ಲಲಿಲ್ಲ. ಸಂಜೆ ಹಾಲು ಕರೆದೆ.”

ದಿನಚರಿ ಮುಚ್ಚಿದಳು.

“ಅವಳಿಗೆ ಯಾರೂ ಕುಡಿಸಿಲ್ಲ. ಹಾಗಂತ ಬರೆದೋರಿಗೆ ನಾಚಿಕೆಯಾಗಬೇಕು,” ಎಂದು ಕೊನೆಯ ಸಾಲಿನತ್ತ ನೋಡಿದಳು. ಜನೇ ಕೆಳಗೆ ನೋಡುತ್ತಿದ್ದಳು. “ನಿಮ್ಮ ಕೈಯಲ್ಲಿರೋ ಹಾಳೇಲಿ ಮದುವೆ ಅಂತಿದೆ. ಅದೂ ಸುಳ್ಳು. ಕೆಳಗಿರೋ ಹೆಸರು ನಂದು. ನಾನು ಸಹಿ ಹಾಕಿಲ್ಲ, ಹಾಕೋದೂ ಇಲ್ಲ. ಯೇಸುಕ್ರಿಸ್ತನ ನಾಮದಲ್ಲಿ, ಆಮೆನ್.”

ಕೊನೆಯದು ಅಭ್ಯಾಸಬಲದಿಂದ ಬಂದದ್ದು. ಅಭ್ಯಾಸಬಲದಿಂದಲೇ ಇಡೀ ಸಭೆ “ಆಮೆನ್” ಎಂದಿತು. ಅಂದ ಮೇಲೆ ತಾವು ಯಾವುದಕ್ಕೆ ಆಮೆನ್ ಅಂದೆವು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಿಷಪ್ ತಡವರಿಸಿ, ತಿಂಡಿ ಇದೆ, ಎಲ್ಲರೂ ತಗೊಂಡು ಹೋಗಿ ಎಂದರು. ಯಾರೂ ತೆಗೆದುಕೊಳ್ಳಲಿಲ್ಲ. ಕೋಟು ಹುಡುಕುವ ನೆಪದಲ್ಲಿ ಒಬ್ಬೊಬ್ಬರೇ ಜಾರಿಕೊಂಡರು. ಒಬ್ಬಳು ಮಾತ್ರ ನೆಡ್ರಾಳ ಕೈ ಹಿಡಿದು, “ಡೇನಿಶ್ ಎಷ್ಟು ಇಂಪಾಗಿ ಓದ್ತೀರಿ,” ಎಂದಳು. ನೆಡ್ರಾ ಕೈ ಬಿಡಿಸಿಕೊಂಡಳು.

ತಿಂಡಿ ಮಾಡಿ ತಂದಿದ್ದ ಸಿಸ್ಟರ್ ಥೋರಾ ಸೌಟು ಹಿಡಿದು ಮೇಜಿನ ಹಿಂದೆ ನಿಂತೇ ಇದ್ದರು. ಎಂಬತ್ತು ದಾಟಿದ ಜೀವ. ಅವರೂ ಮಾರೆನ್‌ಳ ವಂಶದವರೇ.

“ಆಮೇಲೆ ಎಷ್ಟು ವರ್ಷ ಬದುಕಿದ್ಲಮ್ಮಾ?” ಎಂದು ಮೆಲ್ಲಗೆ ಕೇಳಿದರು.

“ಅರವತ್ತೊಂದು.”

“ಮಕ್ಕಳು?”

“ಹನ್ನೊಂದು. ಎಲ್ಲಾ ಆಮೇಲೆ ಹುಟ್ಟಿದ್ದೇ.”

ಥೋರಾ ಸೌಟನ್ನು ಮೇಜಿನ ಮೇಲಿಟ್ಟು, ಏಪ್ರನ್ನಿನ ತುದಿಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳತೊಡಗಿದರು.

ಲವಾರ್ ಅಕ್ಕನ ಕಡೆ ನೋಡಲಿಲ್ಲ. ಕುರ್ಚಿಗಳ ಮೇಲೆ ಉಳಿದ ಹಾಳೆಗಳನ್ನು ಬಳಿದು ಕಂಕುಳಲ್ಲಿ ಇಟ್ಟುಕೊಂಡು, ಮುಂದಿನ ಸಾಲಿನಿಂದ ಕುರ್ಚಿ ಮಡಚಲು ಶುರು ಮಾಡಿದ. ಪ್ರತಿ ಸಭೆಯಾದ ಮೇಲೂ ಗಂಡಸರು ಸೇರಿ ಮಾಡುವ ಕೆಲಸ ಅದು. ಇವತ್ತು ಅವನೊಬ್ಬನೇ ಇದ್ದ. ಒಂದೊಂದು ಕುರ್ಚಿಯನ್ನೂ ಬೇಕಾದ್ದಕ್ಕಿಂತ ಜೋರಾಗಿ ಬಡಿದು ಮಡಚುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದಲೂ ಸದ್ದು ಕೇಳಿತು. ಜನೇ ಅಂಗಿಯ ತೋಳು ಮೇಲೇರಿಸಿ ಆ ತುದಿಯಿಂದ ಮಡಚುತ್ತಿದ್ದಳು. ಅಪ್ಪ ಮಗಳ ನಡುವೆ ಇನ್ನೂ ಏಳೆಂಟು ಸಾಲುಗಳಿದ್ದವು. ಕಬ್ಬಿಣ ಕಬ್ಬಿಣಕ್ಕೆ ಬಡಿದಾಗಲೆಲ್ಲ, ಮೇಜಿನ ಮೇಲೆ ಯಾರೂ ಮುಟ್ಟದೆ ಬಿಟ್ಟಿದ್ದ ಹಸಿರು ಜೆಲ್ಲೋ ನಡುಗುತ್ತಿತ್ತು.